‘ಅಮ್ಟ್’ ಎಂದರೆ ಯಾವ ಲೆಕ್ಕ? ಅಡಿಕೆ ದರದ ಪುಟವೊಂದರ ಹೆಸರು ರಿಪೇರಿ

ಕೇಳಿದ್ದು ಒಂದೇ ಒಂದು ಕಾಲಂ. ಮಲೆನಾಡಿನಲ್ಲಿ ಅಡಿಕೆ ಖರೀದಿ ಮಾಡುವವರೊಬ್ಬರ ವೆಬ್ ಪುಟ ಅದು. ಮೇಲೆ ಎಪಿಎಂಸಿಗಳ ದಿನದ ದರ, ಕೆಳಗೆ ಅವರ ಸ್ವಂತ ಖರೀದಿ ದರ, ಪಕ್ಕದಲ್ಲಿ ಬೆಳೆಗಾರ ತೂಕ ಹಾಕಿದರೆ ಕೈಗೆಷ್ಟು ಬಂದೀತು ಎಂದು ತೋರಿಸುವ ಲೆಕ್ಕದ ಪೆಟ್ಟಿಗೆ. ಇದಕ್ಕೆ ‘ಕೆಜಿಗೆ ಎಷ್ಟು’ ಎಂಬ ಕಾಲಂ ಸೇರಿಸಿಕೊಡಿ ಎಂದರು. ಕ್ವಿಂಟಲ್ ದರವನ್ನು 100ರಿಂದ ಭಾಗಿಸಿ ತೋರಿಸುವುದಕ್ಕೆ ಎಷ್ಟು ಹೊತ್ತು ಬೇಕು?

ಫೈಲ್ ತೆರೆದ ಮೇಲೆ ಅಂದಾಜು ಬದಲಾಯಿತು. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದ ಕೋಡ್, ಕೆಲಸ ಮಾಡುತ್ತಿದ್ದ ಕೋಡ್. ಆದರೆ ಒಳಗಿರುವ ವೇರಿಯಬಲ್ (ಮೌಲ್ಯ ತುಂಬಿಡುವ ಡಬ್ಬಿ), ಫಂಕ್ಷನ್‌ಗಳ ಹೆಸರುಗಳು ಹೀಗಿದ್ದವು: ‘ಡೇಟಾ’, ‘ಡೇಟಾ2’, ‘ಫೈನಲ್ ಡೇಟಾ’, ‘ಅಮ್ಟ್’ (ಅಮೌಂಟ್, ಅಂದರೆ ಮೊತ್ತದ ಚುಟುಕು), ‘ವ್ಯಾಲ್’, ‘ಫ್ಲ್ಯಾಗ್’, ‘ಟೈಪ್’, ‘ಐಟಂ’, ‘ಹ್ಯಾಂಡಲ್ ಕ್ಲಿಕ್’, ‘ಹ್ಯಾಂಡಲ್ ಕ್ಲಿಕ್1’. (ಕೋಡ್‌ನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಪದಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಇಲ್ಲಿ ಓದಲು ಹಗುರವಾಗಲಿ ಎಂದು ಕನ್ನಡದಲ್ಲಿ ಬಿಡಿಸಿ ಬರೆದಿದ್ದೇನೆ.) ಬರೆದವರನ್ನು ದೂರುವ ಹಾಗಿಲ್ಲ. ಒಬ್ಬರೇ, ಸುಗ್ಗಿಯ ಒತ್ತಡದಲ್ಲಿ, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬರೆದಿದ್ದರೆಂದು ಕೋಡ್ ನೋಡಿದರೇ ತಿಳಿಯುತ್ತದೆ. ತೊಂದರೆ ಎಂದರೆ ಆ ತಲೆ ಈಗ ಪ್ರಾಜೆಕ್ಟ್‌ನಲ್ಲಿ ಇಲ್ಲ.

ಕಾಲಂ ಆಮೇಲೆ, ಮೊದಲು ಹೆಸರು ಎಂದು ತೀರ್ಮಾನಿಸಿದೆ. ಒಂದು ಕಟ್ಟುಪಾಡು ಹಾಕಿಕೊಂಡೆ: ಹೆಸರು ಬದಲಿಸುವ ಕಮಿಟ್‌ನಲ್ಲಿ (ಒಮ್ಮೆಗೆ ದಾಖಲಿಸುವ ಬದಲಾವಣೆಗಳ ಕಂತಿನಲ್ಲಿ) ಹೆಸರು ಮಾತ್ರ ಬದಲಾಗಬೇಕು. ದಾರಿಯಲ್ಲಿ ಬಗ್ ಕಂಡರೆ ಪಕ್ಕದಲ್ಲಿ ಬರೆದಿಟ್ಟು, ಬೇರೆ ಕಮಿಟ್‌ನಲ್ಲಿ ಸರಿಪಡಿಸಬೇಕು. ಎರಡನ್ನೂ ಬೆರೆಸಿದರೆ ರಿವ್ಯೂ ಮಾಡುವವರಿಗೆ ಯಾವ ಸಾಲು ಬರಿ ಹೆಸರು, ಯಾವ ಸಾಲು ನಡತೆ ಬದಲಿಸಿದ್ದು ಎಂದು ಗೊತ್ತಾಗುವುದೇ ಇಲ್ಲ.

ಎರಡು ಮೋಡಲ್

ಎಪಿಎಂಸಿಯ ದಿನದ ವರದಿ ನೋಡಿದವರಿಗೆ ಗೊತ್ತು, ಪ್ರತಿ ತಳಿಗೆ (ರಾಶಿ, ಬೆಟ್ಟೆ, ಚಾಲಿಯಂಥ ಅಡಿಕೆಯ ಬಗೆಗೆ) ಮೂರು ದರ ಇರುತ್ತವೆ: ಕನಿಷ್ಠ, ಗರಿಷ್ಠ, ಮೋಡಲ್. ಮೋಡಲ್ ಎಂದರೆ ಅವತ್ತು ಹೆಚ್ಚಿನ ವಹಿವಾಟು ಯಾವ ದರದ ಆಸುಪಾಸಿನಲ್ಲಿ ನಡೆಯಿತೋ ಆ ದರ. ಬೆಳೆಗಾರ ನಿಜವಾಗಿ ನೋಡುವುದು ಅದನ್ನೇ. ಗರಿಷ್ಠ ದರ ಒಂದೆರಡು ಒಳ್ಳೆಯ ಲಾಟಿಗೆ ಸಿಕ್ಕಿದ್ದಿರಬಹುದು.

ಫ್ರಂಟ್‌ಎಂಡ್‌ನಲ್ಲಿ (ಬ್ರೌಸರ್‌ನಲ್ಲಿ ಕಾಣುವ ಪುಟದ ಕೋಡ್‌ನಲ್ಲಿ) ‘ಮೋಡಲ್’ ಎಂದರೆ ಬೇರೆಯೇ. ಪುಟದ ಮೇಲೆ ಎದ್ದು ಬಂದು, ಮುಚ್ಚುವವರೆಗೆ ಹಿಂದಿನದನ್ನು ಮುಟ್ಟಗೊಡದ ಪೆಟ್ಟಿಗೆ. ಈ ಕೋಡ್‌ನಲ್ಲಿ ಎರಡೂ ಇದ್ದವು, ಎರಡಕ್ಕೂ ಒಂದೇ ಹೆಸರು. ಮೇಲೆ ಕಾಂಪೊನೆಂಟ್‌ನ (ಪುಟದ ಒಂದು ಭಾಗ ಕಟ್ಟುವ ಕೋಡ್‌ನ) ಸ್ಟೇಟ್, ಅಂದರೆ ಅದು ನೆನಪಿಟ್ಟುಕೊಳ್ಳುವ ಸ್ಥಿತಿ ‘ಮೋಡಲ್’, ಪೆಟ್ಟಿಗೆ ತೆರೆದಿದೆಯೋ ಇಲ್ಲವೋ ಎಂಬುದಕ್ಕೆ. ಕೆಳಗೆ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ತೆಗೆದು ತೋರಿಸುವಾಗ ‘ಮಿನ್, ಮ್ಯಾಕ್ಸ್, ಮೋಡಲ್’ ಎಂದು ಬಿಡಿಸಿಕೊಂಡ ದರ. ಒಳಗಿನ ಹೆಸರು ಹೊರಗಿನದನ್ನು ಮರೆ ಮಾಡುತ್ತದೆ. ಸಾಲನ್ನು ಒತ್ತಿದಾಗ ನಡೆಯುವ ಕೋಡ್ ‘ಮೋಡಲ್ ಇದ್ದರೆ ಮುಚ್ಚು, ಇಲ್ಲದಿದ್ದರೆ ತೆರೆ’ ಎಂದಿತ್ತು. ಅದು ನೋಡುತ್ತಿದ್ದುದು ಪೆಟ್ಟಿಗೆಯನ್ನಲ್ಲ, ದರವನ್ನು. ದರ 48,000 ಎಂದಿದ್ದರೆ ಜಾವಾಸ್ಕ್ರಿಪ್ಟ್‌ಗೆ ಅದು ‘ಇದೆ’ ಎಂದೇ ಲೆಕ್ಕ, ಆದ್ದರಿಂದ ಮುಚ್ಚು. ಸೊನ್ನೆ ಇದ್ದರೆ ‘ಇಲ್ಲ’, ಆದ್ದರಿಂದ ತೆರೆ. ಅಂದರೆ ವಹಿವಾಟೇ ನಡೆಯದ ತಳಿಯ ಸಾಲನ್ನು ಒತ್ತಿದರೆ ಮಾತ್ರ ವಿವರದ ಪೆಟ್ಟಿಗೆ ತೆರೆಯುತ್ತಿತ್ತು, ಅದರೊಳಗೆ ತೋರಿಸಲು ಏನೂ ಇರುತ್ತಿರಲಿಲ್ಲ! ‘ವಿವರ ಒತ್ತಿದರೆ ಖಾಲಿ ಬರುತ್ತದೆ’ ಎಂಬ ಹಳೆಯ ದೂರೊಂದು ಅವರ ಪಟ್ಟಿಯಲ್ಲಿ ಧೂಳು ಹಿಡಿದು ಕೂತಿತ್ತು. ಅದರ ಮೂಲ ಇದು.

ಯಾರಿಗೆ ಹೆಸರು ಉಳಿಯಬೇಕು? ನನ್ನ ಲೆಕ್ಕದಲ್ಲಿ ಮಂಡಿಯ ಮಾತಿಗೆ ಮೊದಲ ಹಕ್ಕು. ಖರೀದಿದಾರರು ‘ಮೋಡಲ್ ತಪ್ಪು ಬರ್ತಿದೆ’ ಎಂದು ಫೋನ್ ಮಾಡಿದಾಗ ಅವರ ತಲೆಯಲ್ಲಿರುವುದು ದರವೇ ಹೊರತು ಪೆಟ್ಟಿಗೆ ಅಲ್ಲ. ಎಚ್‌ಟಿಎಂಎಲ್‌ನಲ್ಲೇ ಆ ಪೆಟ್ಟಿಗೆಗೆ ‘ಡೈಲಾಗ್’ ಎಂಬ ಎಲಿಮೆಂಟ್ ಇದೆ. ಹಾಗಾಗಿ ದರ ‘ಮೋಡಲ್ ರೇಟ್’ ಆಯಿತು, ಪೆಟ್ಟಿಗೆ ‘ಈಸ್ ಡೀಟೇಲ್ಸ್ ಡೈಲಾಗ್ ಓಪನ್’ ಆಯಿತು. ಕೋಡ್‌ನ ತಪ್ಪು ಹಿಡಿಯುವ ಇಎಸ್‌ಲಿಂಟ್ ಎಂಬ ಸಾಧನದ ‘ನೋ ಶ್ಯಾಡೋ’ ನಿಯಮ ಹಾಕಿದೆ. ಒಳಗಿನ ಹೆಸರು ಹೊರಗಿನ ಹೆಸರನ್ನು ನುಂಗಿದರೆ ಅದೇ ಕೂಗಿ ಹೇಳುತ್ತದೆ. ಮೊದಲ ಸಲ ಓಡಿಸಿದಾಗ ‘ಡೇಟಾ’ ಮತ್ತು ‘ಐಟಂ’ಗಳದ್ದೇ ಸಾಲು ಸಾಲು ಎಚ್ಚರಿಕೆ.

ಯಾವ ನೂರು?

ಈಗ ಮುಖ್ಯ ಜಾಗಕ್ಕೆ ಬರೋಣ. ಲೆಕ್ಕದ ಪೆಟ್ಟಿಗೆಯಲ್ಲಿ ಈ ಸಾಲಿತ್ತು:

‘ಟೋಟಲ್ = ಡಬ್ಲ್ಯೂ * ಅಮ್ಟ್ / 100’

‘ಡಬ್ಲ್ಯೂ’ ತೂಕ ಎಂದು ಊಹಿಸಬಹುದು. ಈ 100 ಯಾವುದು? ಕ್ವಿಂಟಲ್‌ಗೆ 100 ಕೆಜಿ, ಅದಾ? ರೂಪಾಯಿಗೆ 100 ಪೈಸೆ, ಅದಾ?

ಬ್ಯಾಕ್‌ಎಂಡ್‌ನಿಂದ (ಪುಟಕ್ಕೆ ಮಾಹಿತಿ ಕೊಡುವ ಸರ್ವರ್‌ನಿಂದ) ‘ಅಮ್ಟ್’ ಎರಡು ಕಡೆಯಿಂದ ಬರುತ್ತಿತ್ತು. ಮಾರುಕಟ್ಟೆ ದರದ ಕಡೆಯಿಂದ ಬಂದರೆ ಅದು ಕ್ವಿಂಟಲ್‌ಗೆ ಇಷ್ಟು ರೂಪಾಯಿ. ಅವರ ಲೆಕ್ಕಪತ್ರದ ಸಾಫ್ಟ್‌ವೇರ್‌ನಿಂದ ಬಂದರೆ ಅದು ಕೆಜಿಗೆ ಇಷ್ಟು ಪೈಸೆ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡುವುದು ಒಳ್ಳೆಯ ಪದ್ಧತಿಯೇ. ರೇಜರ್‌ಪೇ ಥರದ ಪೇಮೆಂಟ್ ಗೇಟ್‌ವೇಗಳೂ ಮೊತ್ತವನ್ನು ಪೈಸೆಯಲ್ಲೇ ಕೇಳುತ್ತವೆ. ದಶಮಾಂಶದಲ್ಲಿ ಇಟ್ಟರೆ 0.1ಕ್ಕೆ 0.2 ಕೂಡಿಸಿ 0.30000000000000004 ಎನ್ನುವ ಜಾವಾಸ್ಕ್ರಿಪ್ಟ್‌ನ ಕಥೆ ಎಲ್ಲರಿಗೂ ಗೊತ್ತಿದೆ.

ತಮಾಷೆ ಇರುವುದು ಇಲ್ಲಿ. ಅಡಿಕೆ ಕೆಜಿಗೆ 480 ರೂಪಾಯಿ ಎಂದುಕೊಳ್ಳಿ. ಪೈಸೆಯಲ್ಲಿ 48,000. ಅದೇ ಅಡಿಕೆ ಕ್ವಿಂಟಲ್‌ಗೆ 48,000 ರೂಪಾಯಿ. ಎರಡೂ ಒಂದೇ ಅಂಕಿ! ಇದು ಆಕಸ್ಮಿಕವಲ್ಲ, ಯಾವ ದರಕ್ಕೂ ಹೀಗೇ. ಕೆಜಿಗೆ ಒಂದು ಪೈಸೆ ಎನ್ನುವುದೂ ಕ್ವಿಂಟಲ್‌ಗೆ ಒಂದು ರೂಪಾಯಿ ಎನ್ನುವುದೂ ಒಂದೇ ದರ. ಒಂದು ನೂರು ಇನ್ನೊಂದು ನೂರನ್ನು ಹೊಡೆದುಹಾಕುತ್ತದೆ. ಹೀಗಾಗಿ ‘ಅಮ್ಟ್’ ಯಾವ ಅರ್ಥದಲ್ಲಿ ಬಂದರೂ ಆ ಸಾಲಿನ ಉತ್ತರ ಸರಿಯಾಗಿಯೇ ಬರುತ್ತಿತ್ತು. ಎಷ್ಟು ಟೆಸ್ಟ್ ಬರೆದಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ.

ಸಿಕ್ಕಿಬೀಳುವುದು ತೋರಿಸುವಾಗ. ‘ಫಾರ್ಮ್ಯಾಟ್’ ಎಂಬ ಫಂಕ್ಷನ್ ಒಂದಿತ್ತು. ಒಳಗೆ ನೋಡಿದರೆ ಅದು ಪೈಸೆ ತೆಗೆದುಕೊಂಡು 100ರಿಂದ ಭಾಗಿಸಿ ರೂಪಾಯಿ ಚಿಹ್ನೆ ಹಾಕುತ್ತದೆ. ಹೆಸರಿನಲ್ಲಿ ಪೈಸೆಯ ಸುಳಿವೇ ಇಲ್ಲ. ಮಾರುಕಟ್ಟೆ ಪಟ್ಟಿಯವರು ಅದಕ್ಕೆ ರೂಪಾಯಿ ಕೊಟ್ಟಾಗ 48,000 ಇದ್ದದ್ದು 480 ಆಗಿ ಕಂಡಿರಬೇಕು. ಪರಿಹಾರವಾಗಿ ‘ಫಾರ್ಮ್ಯಾಟ್(ಅಮ್ಟ್ * 100)’ ಎಂದು ಬರೆದಿದ್ದರು. ಖರೀದಿ ಪಟ್ಟಿಯಲ್ಲಿ ಬರಿ ‘ಫಾರ್ಮ್ಯಾಟ್(ಅಮ್ಟ್)’. ಫಲಿತಾಂಶ, ಮೇಲಿನ ಪಟ್ಟಿಯಲ್ಲಿ ₹48,000, ಕೆಳಗಿನ ಪಟ್ಟಿಯಲ್ಲಿ ₹480, ಎರಡಕ್ಕೂ ತಲೆಬರಹ ‘ದರ’. ಅಡಿಕೆ ಗೊತ್ತಿದ್ದವರಿಗೆ ಗೊಂದಲವಾಗಲಿಲ್ಲ, ನೋಡಿದ ಕೂಡಲೇ ಒಂದು ಕ್ವಿಂಟಲ್‌ದು, ಒಂದು ಕೆಜಿದು ಎಂದು ಅರ್ಥ ಮಾಡಿಕೊಳ್ಳುತ್ತಿದ್ದರು. ಎರಡೂ ಪಟ್ಟಿಗೆ ಬಳಕೆಯಾಗುತ್ತಿದ್ದ ಕಾಂಪೊನೆಂಟ್‌ನಲ್ಲಿ ‘ಕೆಜಿಗೆ’ ಎಂಬ ಕಾಲಂ ಹಾಕಿ ತೋರುವ ಅಂಕಿಯನ್ನು ಮತ್ತೆ 100ರಿಂದ ಭಾಗಿಸಿದ್ದರೆ, ಕೆಳಗಿನ ಪಟ್ಟಿಯಲ್ಲಿ ಅಡಿಕೆ ಕೆಜಿಗೆ ನಾಲ್ಕು ರೂಪಾಯಿ ಎಂಬತ್ತು ಪೈಸೆ ಆಗುತ್ತಿತ್ತು. ಅವರು ಕೇಳಿದ್ದ ‘ಸಣ್ಣ ಕೆಲಸ’ದ ಸಹಜ ಪರಿಣಾಮ ಅದೇ.

ಹೆಸರು ಬದಲಿಸಲು ಶುರು ಮಾಡಿದೆ. ಕೋಡ್ ಬರೆಯುವ ವಿಎಸ್ ಕೋಡ್ ಎಡಿಟರ್‌ನಲ್ಲಿ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್2 ಒತ್ತಿದರೆ ಅದೇ ವೇರಿಯಬಲ್ ಇರುವ ಜಾಗಗಳೆಲ್ಲ ಬದಲಾಗುತ್ತವೆ, ಬೇರೆ ಫೈಲ್‌ನಲ್ಲಿದ್ದರೂ. ಕಣ್ಣು ಮುಚ್ಚಿ ‘ಫೈಂಡ್ ಆಂಡ್ ರಿಪ್ಲೇಸ್’ ಮಾಡಬಾರದು, ಮಾಡಿದರೆ ಎರಡು ಬೇರೆ ಬೇರೆ ‘ಅಮ್ಟ್’ಗಳು ಮತ್ತೆ ಒಂದೇ ಹೆಸರಿಗೆ ಬಂದು ನಿಲ್ಲುತ್ತವೆ. ಒಂದೊಂದನ್ನೂ ಹಿಡಿದು, ಇದು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ನೋಡಿ, ಆಮೇಲೆ ಹೆಸರಿಡುವುದು. ಇಟ್ಟ ಹೆಸರುಗಳು: ‘ರುಪೀಸ್ ಪರ್ ಕ್ವಿಂಟಲ್’, ‘ಪೈಸೆ ಪರ್ ಕೆಜಿ’, ‘ವೇಟ್ ಕೆಜಿ’, ‘ಟೋಟಲ್ ಪೈಸೆ’. ‘ಫಾರ್ಮ್ಯಾಟ್’ ಹೋಗಿ ‘ಫಾರ್ಮ್ಯಾಟ್ ಪೈಸೆ ಆಸ್ ರುಪೀಸ್’ ಆಯಿತು. ಉದ್ದ ಹೌದು. ಆದರೆ ಅದಕ್ಕೆ ರೂಪಾಯಿ ಕೊಡಲು ಹೋದವರ ಕೈ ತಾನಾಗಿ ತಡೆಯುತ್ತದೆ.

ಈ ಹಂತದಲ್ಲಿ ಖರೀದಿ ರಸೀದಿಯ ಅಂದಾಜಿನ ಸಾಲು (ಇಲ್ಲಿನ ‘ಟೋಟಲ್’ ಲೆಕ್ಕದ ಪೆಟ್ಟಿಗೆಯದಲ್ಲ, ಪೈಸೆಯಲ್ಲೇ ಉಳಿದ ಬೇರೊಂದು) ಹೀಗೆ ಬಂದು ನಿಂತಿತು:

‘ನೆಟ್ ಪೈಸೆ = ಟೋಟಲ್ ಪೈಸೆ - ಹಮಾಲಿ ರುಪೀಸ್’

ಮೊದಲು ಇದು ‘ನೆಟ್ = ಟೋಟಲ್ - ಡೆಡ್’ (‘ಡೆಡ್’ ಎಂದರೆ ಡಿಡಕ್ಷನ್, ಕಡಿತ) ಆಗಿತ್ತು, ನೋಡಲು ಏನೂ ತಪ್ಪಿಲ್ಲ. ಸೆಟ್ಟಿಂಗ್‌ನಲ್ಲಿ ಹಮಾಲಿ ಚೀಲಕ್ಕೆ 15 ಎಂದಿತ್ತು, ರೂಪಾಯಿಯಲ್ಲಿ. ಹತ್ತು ಚೀಲಕ್ಕೆ 150 ರೂಪಾಯಿ ಕಳೆಯಬೇಕಾದಲ್ಲಿ 150 ಪೈಸೆ, ಅಂದರೆ ಒಂದೂವರೆ ರೂಪಾಯಿ ಕಳೆಯುತ್ತಿತ್ತು. ಮೂರು ಲಕ್ಷದ ಲೆಕ್ಕದಲ್ಲಿ ಅದು ಯಾರ ಕಣ್ಣಿಗೆ ಬೀಳಬೇಕು? ಕೌಂಟರ್‌ನ ನಿಜವಾದ ಬಿಲ್ ಬೇರೆ ಸಾಫ್ಟ್‌ವೇರ್‌ನಲ್ಲಿ ಆಗುತ್ತಿದ್ದುದರಿಂದ ಹಣ ಹೆಚ್ಚುಕಡಿಮೆ ಆಗಿರಲಿಲ್ಲ. ಪೈಸೆಯಿಂದ ರೂಪಾಯಿ ಕಳೆಯುವ ಸಾಲು ಕಣ್ಣಿಗೆ ರಾಚುವಂತಾದದ್ದು ಹೆಸರು ಬದಲಾದ ಮೇಲೆಯೇ, ಒಂದು ಅಕ್ಷರದಷ್ಟೂ ತರ್ಕ ಮುಟ್ಟದೆ.

ಹೆಸರಿನಲ್ಲೇ ಬಗೆಯನ್ನು ಹೇಳುವ ಈ ಯೋಚನೆ ಹಳೆಯದು. ಪ್ರೋಗ್ರಾಮರ್ ಚಾರ್ಲ್ಸ್ ಸಿಮೊನಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ, ಆಮೇಲೆ ಮೈಕ್ರೋಸಾಫ್ಟ್‌ನಲ್ಲಿ ಬಳಕೆಗೆ ತಂದ ಹಂಗೇರಿಯನ್ ನೊಟೇಶನ್‌ನ ಮೂಲ ಉದ್ದೇಶ ಇದೇ: ಇದು ಸಾಲಿನ ಸಂಖ್ಯೆ, ಇದು ಕಾಲಂ ಸಂಖ್ಯೆ ಎಂದು ಹೆಸರಿನ ಮೊದಲಲ್ಲೇ ಗುರುತು ಹಾಕುವುದು. ಮುಂದೆ ಅದು ‘ಇದು ಇಂಟಿಜರ್, ಇದು ಸ್ಟ್ರಿಂಗ್’ ಎಂದು ಬರಿ ಟೈಪ್ ಹೇಳುವ ಪದ್ಧತಿಯಾಗಿ ಕೆಟ್ಟಿತು, ಹೆಸರೂ ಕೆಟ್ಟಿತು. ಟೈಪ್‌ಸ್ಕ್ರಿಪ್ಟ್ (ಮೌಲ್ಯಗಳ ಬಗೆಯನ್ನು ಮೊದಲೇ ಪರೀಕ್ಷಿಸುವ ಜಾವಾಸ್ಕ್ರಿಪ್ಟ್) ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ‘ಪೈಸೆ’ ಎಂದೂ ‘ರುಪೀಸ್’ ಎಂದೂ ಎರಡು ಅಲಿಯಾಸ್ (ಅಡ್ಡಹೆಸರು) ಮಾಡಿ ಎರಡನ್ನೂ ‘ನಂಬರ್’ ಎಂದರೆ, ಟೈಪ್‌ಸ್ಕ್ರಿಪ್ಟ್ ಒಂದರ ಜಾಗಕ್ಕೆ ಇನ್ನೊಂದನ್ನು ಸುಮ್ಮನೆ ಬಿಟ್ಟುಕೊಳ್ಳುತ್ತದೆ. ತಡೆಯಬೇಕಾದರೆ ಬ್ರ್ಯಾಂಡೆಡ್ ಟೈಪ್‌ಗಳ (ಒಂದೇ ಬಗೆಯ ಅಂಕಿಗೂ ಬೇರೆ ಬೇರೆ ಮುದ್ರೆ ಒತ್ತುವ) ಕಸರತ್ತು ಮಾಡಬೇಕು. ಇಷ್ಟು ಚಿಕ್ಕ ಪುಟಕ್ಕೆ ಹೆಸರೇ ಅಗ್ಗದ ಬೇಲಿ.

ಕೊನೆಗೆ ಬ್ಯಾಕ್‌ಎಂಡ್‌ನಿಂದ ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುವ ಒಂದೇ ಬಾಗಿಲು ಮಾಡಿದೆ. ‘ಅಮ್ಟ್’ ಎಂಬ ಹೆಸರು ಆ ಫೈಲ್‌ನಲ್ಲಿ ಮಾತ್ರ ಇರುತ್ತದೆ, ಅಲ್ಲೇ ‘ರುಪೀಸ್ ಪರ್ ಕ್ವಿಂಟಲ್’ ಆಗಿ ಒಳಗೆ ಹೋಗುತ್ತದೆ. ಆಗ ಲೆಕ್ಕದ ಸಾಲು ಹೀಗಾಯಿತು:

‘ಟೋಟಲ್ ಪೈಸೆ = ಮ್ಯಾತ್.ರೌಂಡ್(ರುಪೀಸ್ ಪರ್ ಕ್ವಿಂಟಲ್ * ವೇಟ್ ಕೆಜಿ)’

100 ಎಲ್ಲಿಯೂ ಇಲ್ಲ. ಮೊದಲ ಬಾರಿ ಓದುವವರಿಗೆ ಇದೇ ತಪ್ಪಾಗಿ ಕಾಣುತ್ತದೆ, ಹೆಸರುಗಳು ಸ್ಪಷ್ಟವಾಗಿರುವುದರಿಂದಲೇ ಇನ್ನೂ ಹೆಚ್ಚು. ಕ್ವಿಂಟಲ್ ದರಕ್ಕೆ ಕೆಜಿ ಗುಣಿಸಿದರೆ ಹೇಗೆ ಪೈಸೆ ಬರುತ್ತದೆ? ಬರುತ್ತದೆ: 48,000 ಗುಣಿಸು 650 ಎಂದರೆ 3,12,00,000 ಪೈಸೆ, ಅಂದರೆ ₹3,12,000. ಆರೂವರೆ ಕ್ವಿಂಟಲ್‌ಗೆ ಸರಿಯಾದ ಮೊತ್ತ. ಇಂಥ ಕಡೆ ಹೆಸರು ಸೋಲುತ್ತದೆ, ಕಾಮೆಂಟ್ ಬೇಕೇ ಬೇಕು. ‘ಒಳ್ಳೆಯ ಹೆಸರಿದ್ದರೆ ಕಾಮೆಂಟ್ ಬೇಡ’ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಏನು ಎಂಬುದನ್ನು ಹೆಸರು ಹೇಳಬಲ್ಲದು. ಎರಡು ನೂರುಗಳು ಒಂದನ್ನೊಂದು ಕೊಂದಿವೆ ಎಂಬುದನ್ನು ಯಾವ ಹೆಸರೂ ಹೇಳಲಾರದು. ಎರಡು ಸಾಲಿನ ಕಾಮೆಂಟ್ ಬರೆದು, ಮೇಲಿನ ಉದಾಹರಣೆಯನ್ನೇ ಒಂದು ಟೆಸ್ಟ್ ಮಾಡಿಟ್ಟೆ.

ಇದಾದ ಮೇಲೆ ‘ಕೆಜಿಗೆ’ ಕಾಲಂ ನಿಜಕ್ಕೂ ಸಣ್ಣ ಕೆಲಸವಾಯಿತು. ಎರಡೂ ಪಟ್ಟಿಯ ತಲೆಬರಹದಲ್ಲಿ ‘ಕ್ವಿಂಟಲ್‌ಗೆ’ ಎಂದು ಸೇರಿತು.

ಹೊಸತು ಎಂದರೆ ಯಾವುದು ಹೊಸತು

ಕರಾವಳಿಯ ಮಾರುಕಟ್ಟೆಗಳನ್ನು ಪುಟಕ್ಕೆ ಸೇರಿಸಿದ ಮೇಲೆ ಹುಟ್ಟಿದ ಸಮಸ್ಯೆ ಇದು. ಅಲ್ಲಿ ಚಾಲಿಯಲ್ಲಿ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಯಲ್ಲಿ) ಹೊಸತು, ಹಳತು ಎಂದು ಬೇರೆ ಬೇರೆ ದರ. ಈ ವರ್ಷದ ಕೊಯ್ಲಿನದು ಹೊಸ ಅಡಿಕೆ. ದಾಸ್ತಾನಿಟ್ಟು ಮಾಗಿದ್ದು ಹಳತು, ಅದಕ್ಕೆ ಸಾಮಾನ್ಯವಾಗಿ ದರವೂ ಹೆಚ್ಚು. ಕೋಡ್‌ನಲ್ಲಿ ‘ಈಸ್ ನ್ಯೂ’ ಎಂಬ ಫೀಲ್ಡ್ ಇತ್ತು. ಪುಟದಲ್ಲಿ ‘ಈಸ್ ನ್ಯೂ’ ನಿಜವಾದರೆ ಸಾಲಿನ ಪಕ್ಕ ಕಿತ್ತಳೆ ಬಣ್ಣದ ‘ಈಗಷ್ಟೇ ಬಂದ ದರ’ ಎಂಬ ಚೀಟಿ ಬರುತ್ತಿತ್ತು. ಹಾಗಾಗಿ ಹೊಸ ಚಾಲಿಯ ಸಾಲುಗಳೆಲ್ಲ, ದರ ಬಂದು ವಾರವಾಗಿದ್ದರೂ, ಸದಾ ‘ಈಗಷ್ಟೇ ಬಂದವು’. ಹಳೆ ಚಾಲಿಯ ದರ ಐದು ನಿಮಿಷದ ಹಿಂದೆ ಬಂದಿದ್ದರೂ ಚೀಟಿ ಇಲ್ಲ.

ಒಂದನ್ನು ‘ಸ್ಟಾಕ್ ಏಜ್’ ಮಾಡಿ, ಅದರೊಳಗೆ ‘ಹೊಸ’ ಅಥವಾ ‘ಹಳೆ’ ಎಂದಿಟ್ಟೆ. ನಿಜ-ಸುಳ್ಳು ಇಡಲಿಲ್ಲ, ಏಕೆಂದರೆ ದಾಸ್ತಾನಿನ ವಯಸ್ಸಿನಲ್ಲಿ ಎರಡಕ್ಕಿಂತ ಹೆಚ್ಚು ಬಗೆ ಬರುವ ಸಾಧ್ಯತೆ ಇದ್ದೇ ಇದೆ. ಇನ್ನೊಂದು ‘ವಾಸ್ ಅಪ್ಡೇಟೆಡ್ ಟುಡೇ’. ಎರಡನೆಯದನ್ನು ಲೆಕ್ಕ ಹಾಕಲು ‘ಟೈಮ್’ ಫೀಲ್ಡ್ ನೋಡಿದರೆ ಅದೂ ಎಡವಟ್ಟು. ಬ್ಯಾಕ್‌ಎಂಡ್ ಕೊಡುವುದು 1970ರಿಂದ ಎಣಿಸಿದ ಸೆಕೆಂಡುಗಳನ್ನು, ಜಾವಾಸ್ಕ್ರಿಪ್ಟ್‌ನ ‘ಡೇಟ್’ ಕೇಳುವುದು ಮಿಲಿಸೆಕೆಂಡುಗಳನ್ನು. ನೇರ ಕೊಟ್ಟರೆ ಇವತ್ತಿನ ದರದ ದಿನಾಂಕ 21 ಜನವರಿ 1970 ಎಂದು ಬರುತ್ತದೆ. ಯಾವುದೇ ಪುಟದಲ್ಲಿ 1970ರ ಜನವರಿ ಕಂಡರೆ, ಎಲ್ಲೋ ಒಂದು ಕಡೆ 1000ದಿಂದ ಗುಣಿಸುವುದು ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಬಹುದು. ‘ಅಪ್ಡೇಟೆಡ್ ಅಟ್ ಸೆಕೆಂಡ್ಸ್’ ಎಂದು ಹೆಸರಿಟ್ಟು ಮುಂದೆ ಹೋದೆ. ಇಷ್ಟು ಹೊತ್ತು ಕಾದು ನಡೆಸು ಎನ್ನುವ ಟೈಮ್‌ಔಟ್‌ಗಳಿಗೂ ‘ಡಿಲೇ’ ಬದಲು ‘ಡಿಲೇ ಎಂಎಸ್’ (ಮಿಲಿಸೆಕೆಂಡ್).

ತಳಿಗಳ ಹೆಸರು, ನಮ್ಮದೇ ಕಾಗುಣಿತ

ಕನ್ನಡದವರು ಬರೆದ ಕೋಡ್‌ಗೆ ಅಂಟಿಕೊಂಡೇ ಬರುವ ಕಾಯಿಲೆ ಒಂದಿದೆ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಕೆಂಪುಗೋಟು ಈ ಕೋಡ್‌ನಲ್ಲಿ ಮೂರು ವೇಷದಲ್ಲಿತ್ತು: ಒಂದು ಕಡೆ ಕೊನೆಗೆ ‘ಯು’, ಇನ್ನೊಂದು ಕಡೆ ‘ಓ’, ಮತ್ತೊಂದು ಕಡೆ ‘ಕೆ’ ಮಾತ್ರ ಹಾಕಿ ಮುಂದೆ ಗೋಟು. ಚಾಲಿಯಲ್ಲಿ ‘ಎ’ ಒಂದೋ ಎರಡೋ ಎಂಬ ಜಗಳ. ಫಿಲ್ಟರ್‌ನಲ್ಲಿ ಕೆಂಪುಗೋಟು ಆರಿಸಿದರೆ ಶಿರಸಿಯ ಸಾಲು ಬರುತ್ತಿತ್ತು, ಯಲ್ಲಾಪುರದ್ದು ಮಾಯವಾಗುತ್ತಿತ್ತು. ತಳಿಗಳನ್ನೆಲ್ಲ ಒಂದೇ ಫೈಲ್‌ಗೆ ತಂದು, ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಕೆಂಪುಗೋಟು, ತಟ್ಟಿಬೆಟ್ಟೆ ಎಂದು ಒಂದೊಂದಕ್ಕೆ ಒಂದೇ ಕಾಗುಣಿತದ ಕೀಲಿ ಕೊಟ್ಟು, ಪುಟದಲ್ಲಿ ಕಾಣುವ ಕನ್ನಡ ಹೆಸರನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಇಟ್ಟೆ. ಹೊರಗಿನಿಂದ ಬರುವ ಬೇರೆ ಬೇರೆ ಕಾಗುಣಿತಗಳೆಲ್ಲ ಆ ಮೊದಲ ಬಾಗಿಲಲ್ಲೇ ಈ ಕೀಲಿಗೆ ಬದಲಾಗುತ್ತವೆ.

ಇದಕ್ಕೂ ಮೊದಲು ಇದ್ದದ್ದು ‘ಟೈಪ್1’, ‘ಟೈಪ್2’, ‘ಟೈಪ್3’. ಇಂಗ್ಲಿಷ್‌ಗೆ ಅನುವಾದಿಸುವ ಯೋಚನೆಯನ್ನು ನಾನು ಮಾಡಲೇ ಇಲ್ಲ. ಗೊರಬಲಿಗೆ ಇಂಗ್ಲಿಷ್ ಹೆಸರು ಹುಡುಕಿ ಕೋಡ್‌ನಲ್ಲಿಟ್ಟರೆ ಮಂಡಿಯವರಿಗೂ ತಿಳಿಯದು, ಪ್ರೋಗ್ರಾಮರಿಗೂ ತಿಳಿಯದು. ಹಾಗೆಂದು ಎಲ್ಲ ಕನ್ನಡ ಪದವೂ ಸುರಕ್ಷಿತವಲ್ಲ. ಒಂದು ಕಡೆ ‘ಸರಕು ಲಿಸ್ಟ್’ ಎಂದಿತ್ತು. ಸರಕು ತಳಿಯ ಪಟ್ಟಿ ಎಂದುಕೊಂಡು ತೆರೆದರೆ ಒಳಗಿರುವುದು ಎಲ್ಲ ಬಗೆಯ ಮಾಲು. ಅದು ‘ಲಾಟ್ಸ್’ ಆಯಿತು.

ಪೂರ್ತಿ ಕನ್ನಡ ಲಿಪಿಯಲ್ಲೇ ವೇರಿಯಬಲ್ ಹೆಸರಿಟ್ಟರೆ? ಜಾವಾಸ್ಕ್ರಿಪ್ಟ್ ಬೇಡ ಎನ್ನುವುದಿಲ್ಲ. ಯೂನಿಕೋಡ್ ಅಕ್ಷರಗಳನ್ನು ಹೆಸರಿನಲ್ಲಿ ಬಳಸಬಹುದು, ‘ದರ’ ಎಂದೇ ಬರೆದು ಓಡಿಸಿ ನೋಡಿದೆ, ಓಡುತ್ತದೆ. ಕುತ್ತು ಬೇರೆ ಕಡೆ. ‘ಮಾರ್ಕೆಟ್‌ದರ’ ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ನಡುವೆ ಕಣ್ಣಿಗೆ ಕಾಣದ ಜೋಡಿಸದ ಗುರುತೊಂದನ್ನು ಹಾಕುತ್ತೇವಲ್ಲ, ಅದೂ ಹೆಸರಿನ ಭಾಗವೇ ಆಗುತ್ತದೆ. ‘ೊ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಒಂದೇ. ಜಾವಾಸ್ಕ್ರಿಪ್ಟ್ ಇವನ್ನು ಸಮ ಮಾಡಿಕೊಳ್ಳುವುದಿಲ್ಲ, ಎರಡು ಬೇರೆ ವೇರಿಯಬಲ್ ಎಂದೇ ತಿಳಿಯುತ್ತದೆ. ಕೀಬೋರ್ಡ್ ಬದಲಾದರೆ ಬಗ್ ಹುಟ್ಟುವ ಕೋಡ್ ನನಗೆ ಬೇಡ. ತಳಿಯ ಕನ್ನಡ ಹೆಸರನ್ನು ಹೋಲಿಸಿ ನೋಡುವ ಕೋಡ್‌ಗೂ ಇದೇ ಕುತ್ತು ಇತ್ತು. ಅಲ್ಲಿ ಮೊದಲು ‘ನಾರ್ಮಲೈಸ್’ ಮಾಡಿಸಿದೆ, ಅಂದರೆ ಸ್ವರಚಿಹ್ನೆಯ ಎರಡು ಬರಹವನ್ನೂ ಒಂದೇ ರೂಪಕ್ಕೆ ತರಿಸಿದೆ.

ಬಣ್ಣದ ಹೆಸರಿನ ಕ್ಲಾಸ್‌ಗಳು

ಪುಟದ ಬಣ್ಣ, ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ‘ರೆಡ್’ ಎಂಬ ಕ್ಲಾಸ್‌ನ (ಹೆಸರಿಟ್ಟ ಶೈಲಿಯ) ಬಣ್ಣ ಕಂದು. ದರ ಇಳಿದಾಗ ಕೆಂಪು ತೋರಿಸುತ್ತಿದ್ದರು, ವಿನ್ಯಾಸ ಬದಲಿಸಿದಾಗ ಕೆಂಪು ಹೋಯಿತು, ಹೆಸರು ಉಳಿಯಿತು. ‘ಲೆಫ್ಟ್ ಬಾಕ್ಸ್’ ಮೊಬೈಲ್‌ನಲ್ಲಿ ಕೆಳಗೆ ಬರುತ್ತದೆ. ಕ್ಲಾಸ್ ಹೆಸರು ಹೇಗೆ ಕಾಣುತ್ತದೆ ಎಂಬುದನ್ನಲ್ಲ, ಒಳಗಿರುವುದು ಏನು ಎಂಬುದನ್ನು ಹೇಳಲಿ ಎಂದು ಎಚ್‌ಟಿಎಂಎಲ್‌ನ ಅಧಿಕೃತ ನಿಯಮಾವಳಿಯಲ್ಲೇ (ಸ್ಪೆಸಿಫಿಕೇಶನ್) ಸಲಹೆ ಇದೆ. ‘ರೇಟ್ ಫಾಲನ್’, ‘ರೇಟ್ ರೈಸನ್’, ‘ಪೇಔಟ್ ಕ್ಯಾಲ್ಕ್ಯುಲೇಟರ್’ ಎಂದು ಮಾಡಿದೆ. ಯಾಂಡೆಕ್ಸ್ ಕಂಪನಿಯಲ್ಲಿ ಹುಟ್ಟಿದ ಬಿಇಎಂ ಎಂಬ ಕ್ಲಾಸ್ ಹೆಸರಿನ ಪದ್ಧತಿಯಲ್ಲಿ ಜನ ಬಳಸುವ ಎರಡೆರಡು ಅಡಿಗೆರೆ, ಎರಡೆರಡು ಅಡ್ಡಗೆರೆಗಳನ್ನು ಇಲ್ಲಿಗೆ ತರಲಿಲ್ಲ. ನಾಲ್ಕೈದು ಪರದೆಗಳ ಪುಟಕ್ಕೆ ಅದು ಅತಿಯಾಯಿತು.

ಇಲ್ಲಿ ಎಫ್2 ಕೈ ಕೊಡುತ್ತದೆ. ಕ್ಲಾಸ್ ಹೆಸರು ಅದಕ್ಕೆ ಬರಿ ಸ್ಟ್ರಿಂಗ್. ರಿಪ್‌ಗ್ರೆಪ್ (ಫೈಲ್‌ಗಳೊಳಗೆ ಪದ ಹುಡುಕುವ ಸಾಧನ) ಹಾಕಿ ‘ರೆಡ್’ ಹುಡುಕಿದರೆ ಸಿಕ್ಕಿದ್ದೆಲ್ಲ ಬದಲಾಯಿತು, ಆದರೂ ಒಂದು ಪಟ್ಟಿಯ ಬಣ್ಣ ಹಾರಿಹೋಯಿತು. ಅಲ್ಲಿ ಕ್ಲಾಸ್ ಹೆಸರನ್ನು ‘ಟಿಎಕ್ಸ್‌ಟಿ-’ ಎಂಬುದಕ್ಕೆ ಬಣ್ಣದ ವೇರಿಯಬಲ್ ಅಂಟಿಸಿ, ಓಡುವಾಗ ತಯಾರಿಸುತ್ತಿದ್ದರು. ತುಂಡು ತುಂಡಾಗಿ ಹುಟ್ಟುವ ಹೆಸರನ್ನು ಯಾವ ಹುಡುಕಾಟವೂ ಹಿಡಿಯದು. ಅದನ್ನು ಬಿಚ್ಚಿ, ಇಳಿದಿದ್ದರೆ ಈ ಹೆಸರು, ಏರಿದ್ದರೆ ಆ ಹೆಸರು ಎಂದು ಪೂರ್ತಿಯಾಗಿ ಬರೆದೆ. ನಾಲ್ಕು ಸಾಲು ಹೆಚ್ಚಾಯಿತು, ಆಗಲಿ.

ಹ್ಯಾಂಡ್ಲರ್‌ಗಳ (ಒತ್ತಿದಾಗ, ಬದಲಿಸಿದಾಗ ಓಡುವ ಫಂಕ್ಷನ್‌ಗಳ) ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಾಪ್ (ಕಾಂಪೊನೆಂಟ್‌ಗೆ ಹೊರಗಿನಿಂದ ಕೊಡುವ ಮೌಲ್ಯ) ಆದರೆ ‘ಆನ್’, ಅದನ್ನು ನಿಭಾಯಿಸುವ ಫಂಕ್ಷನ್ ಆದರೆ ‘ಹ್ಯಾಂಡಲ್’ ಎಂಬ ರಿಯಾಕ್ಟ್ ವಾಡಿಕೆಯನ್ನೇ ಹಿಡಿದೆ: ‘ಹ್ಯಾಂಡಲ್ ಕ್ಲಿಕ್1’ ಹೋಗಿ ‘ಹ್ಯಾಂಡಲ್ ಮಾರ್ಕೆಟ್ ಚೇಂಜ್’. ‘ಡಿಸೇಬಲ್ ಸಬ್ಮಿಟ್’ ಎಂಬುದು ಆಜ್ಞೆಯೋ ಸ್ಥಿತಿಯೋ ತಿಳಿಯುತ್ತಿರಲಿಲ್ಲ, ‘ಈಸ್ ಸಬ್ಮಿಟ್ ಡಿಸೇಬಲ್ಡ್’ ಆಯಿತು. ‘ಐ’, ‘ಎಕ್ಸ್’ ಥರದ ಒಂದಕ್ಷರದವನ್ನು ಎರಡು ಸಾಲಿನೊಳಗೆ ಹುಟ್ಟಿ ಸಾಯುವ ಕಡೆ ಹಾಗೇ ಬಿಟ್ಟೆ. ಹೆಸರಿಗೆ ಕನಿಷ್ಠ ಉದ್ದ ಕೇಳುವ ಲಿಂಟ್ ನಿಯಮ ನನಗೆ ಇಷ್ಟವಿಲ್ಲ. ಅದರ ಬದಲು ‘ಐಡಿ ಡಿನೈಲಿಸ್ಟ್’ ಎಂಬ ನಿಯಮ ಹಾಕಿ ಅಮ್ಟ್, ವ್ಯಾಲ್, ಫ್ಲ್ಯಾಗ್, ಡೇಟಾ2 ಎಂಬ ನಾಲ್ಕನ್ನು ಹೆಸರಿಸಿ ನಿಷೇಧಿಸಿದೆ. ಬಾಗಿಲಿನ ಫೈಲ್‌ಗೂ ಇನ್ನೂ ಮುಟ್ಟದ ಪ್ರಿಂಟ್ ಪುಟಕ್ಕೂ ಮಾತ್ರ ವಿನಾಯಿತಿ. ಉದ್ದ ಹೆಸರಿನಿಂದ ಪುಟ ಭಾರವಾಗದೇ ಎಂಬ ಪ್ರಶ್ನೆ ಬಂತು. ಸ್ಥಳೀಯ ಹೆಸರುಗಳನ್ನು ಟರ್ಸರ್‌ನಂಥ ಮಿನಿಫೈಯರ್ (ಕೋಡ್ ಕುಗ್ಗಿಸುವ ಸಾಧನ) ಹೇಗೂ ಒಂದೆರಡು ಅಕ್ಷರಕ್ಕೆ ಇಳಿಸುತ್ತದೆ. ಆಬ್ಜೆಕ್ಟ್‌ನ ಪ್ರಾಪರ್ಟಿಗಳನ್ನು ತಾನಾಗಿ ಮುಟ್ಟುವುದಿಲ್ಲ, ಆದರೆ ಅದೊಂದು ಭಾರವೇ ಅಲ್ಲ.

ಫೈಲ್ ಹೆಸರು, ಗಿಟ್

ಕಾಂಪೊನೆಂಟ್ ಫೈಲ್‌ಗಳ ಮೊದಲ ಅಕ್ಷರ ದೊಡ್ಡದಿರಲಿ ಎಂದು ‘ರೇಟ್‌ಟೇಬಲ್’ ಫೈಲ್‌ನ ಚಿಕ್ಕ ಅಕ್ಷರಗಳನ್ನು ದೊಡ್ಡದು ಮಾಡುವಾಗ ಎಚ್ಚರ ಬೇಕು. ವಿಂಡೋಸ್, ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ದೊಡ್ಡ-ಚಿಕ್ಕ ಅಕ್ಷರ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹೆಸರು ಬದಲಿಸಿದರೆ ಗಿಟ್‌ಗೆ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಧನಕ್ಕೆ) ಅದು ಬದಲಾವಣೆ ಎಂದೇ ಅನ್ನಿಸದೆ ಹೋಗಬಹುದು. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ, ಲಿನಕ್ಸ್ ಸರ್ವರ್‌ನಲ್ಲಿ ಬಿಲ್ಡ್ ಮಾಡುವಾಗ ‘ಫೈಲ್ ಸಿಗಲಿಲ್ಲ’. ಹೆಸರು ಬದಲಿಸುವ ‘ಗಿಟ್ ಎಂವಿ’ ಆಜ್ಞೆಯಲ್ಲಿ ಮೊದಲು ಬೇರೊಂದು ಹೆಸರಿಗೆ, ಅಲ್ಲಿಂದ ಬೇಕಾದ ಹೆಸರಿಗೆ, ಹೀಗೆ ಎರಡು ಹೆಜ್ಜೆಯಲ್ಲಿ ಮಾಡಿದರೆ ತಕರಾರಿಲ್ಲ.

ಹೆಸರು ಬದಲಿಸಿದ ಸಾಲುಗಳಿಗೆಲ್ಲ ‘ಗಿಟ್ ಬ್ಲೇಮ್’ (ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರು ಎಂದು ಹೇಳುವ ಆಜ್ಞೆ) ಇನ್ನು ನನ್ನ ಹೆಸರನ್ನೇ ತೋರಿಸುತ್ತದೆ, ಹಳೆಯ ಇತಿಹಾಸ ಮುಚ್ಚಿಹೋಗುತ್ತದೆ. ಇದಕ್ಕೆ 2019ರ ಗಿಟ್ 2.23ರಲ್ಲಿ ಮದ್ದು ಬಂದಿದೆ: ಕಡೆಗಣಿಸಬೇಕಾದ ಕಮಿಟ್‌ಗಳ ಪಟ್ಟಿಯನ್ನು ಒಂದು ಫೈಲ್‌ನಲ್ಲಿಟ್ಟು ‘ಇಗ್ನೋರ್ ರೆವ್ಸ್ ಫೈಲ್’ ಎಂದು ಕೊಟ್ಟರೆ, ಬ್ಲೇಮ್ ಅವುಗಳನ್ನು ದಾಟಿ ಹಿಂದಿನ ಲೇಖಕರನ್ನು ತೋರಿಸುತ್ತದೆ. ಫೈಲ್‌ಗೆ ‘.git-blame-ignore-revs’ ಎಂದೇ ಹೆಸರಿಟ್ಟು ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ನಲ್ಲಿಟ್ಟರೆ, ಕೋಡ್ ಇಡುವ ತಾಣ ಗಿಟ್‌ಹಬ್ ಕೂಡ ಅದನ್ನು ಗೌರವಿಸುತ್ತದೆ. ಹೆಸರಿನ ಕಮಿಟ್‌ನಲ್ಲಿ ಹೆಸರು ಮಾತ್ರ ಎಂಬ ಕಟ್ಟುಪಾಡು ಇಲ್ಲಿ ಉಪಯೋಗಕ್ಕೆ ಬಂತು. ಬೆರೆಸಿದ್ದರೆ ಯಾವ ಕಮಿಟ್ ಪಟ್ಟಿಗೆ ಸೇರಿಸುವುದು?

ಮನೆ ಬಿಟ್ಟು ಹೋದ ಹೆಸರುಗಳು

ಕೋಡ್‌ನೊಳಗಿನ ಹೆಸರು ನಮ್ಮ ಕೈಯಲ್ಲಿದೆ. ಹೊರಗೆ ಹೋದದ್ದು ಇಲ್ಲ. ಪುಟದ ವಿಳಾಸದಲ್ಲಿ ‘ಟೈಪ್=2’ ಎಂದಿದ್ದರೆ ಬೆಟ್ಟೆ. ಆ ಕೊಂಡಿಗಳನ್ನು ಜನ ವಾಟ್ಸಾಪ್ ಗುಂಪುಗಳಲ್ಲಿ ಹಂಚಿಕೊಂಡಿದ್ದಾರೆ, ಫೋನ್‌ನ ಮುಖಪುಟಕ್ಕೆ ಸೇರಿಸಿಕೊಂಡಿದ್ದಾರೆ. ಹೊಸ ಕೊಂಡಿಗಳಲ್ಲಿ ‘ವೆರೈಟಿ=ಬೆಟ್ಟೆ’ ಎಂದೇ ಬರುತ್ತದೆ, ಹಳೆಯದನ್ನು ಓದಿ ಹೊಸದಕ್ಕೆ ತಿರುಗಿಸುವ ಸಣ್ಣ ಪಟ್ಟಿಯೊಂದು ಉಳಿದುಕೊಂಡಿದೆ. ಆ ಪಟ್ಟಿಗೆ ಕೊನೆಯ ದಿನಾಂಕ ಇಲ್ಲ, ಅದನ್ನು ತೆಗೆಯಬೇಡಿ ಎಂದು ಅಲ್ಲೇ ಬರೆದಿದ್ದೇನೆ. ಬೆಳೆಗಾರ ಕೊನೆಯ ಸಲ ನೋಡಿದ ಮಾರುಕಟ್ಟೆಯನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ‘ಸೆಲ್’ ಎಂಬ ಕೀಲಿಯಲ್ಲಿ ಇಡುತ್ತಿದ್ದರು. ಈಗ ಬರೆಯುವುದು ‘ಸೆಲೆಕ್ಟೆಡ್ ಮಾರ್ಕೆಟ್’ ಎಂದು, ಓದುವಾಗ ಅದಿಲ್ಲದಿದ್ದರೆ ಹಳೆಯದನ್ನು ನೋಡು ಎಂದು. ಸುಮ್ಮನೆ ಬದಲಿಸಿದ್ದರೆ ಸಾಗರದವರು ಪುಟ ತೆರೆದಾಗ ಪಟ್ಟಿಯ ಮೊದಲ ಮಾರುಕಟ್ಟೆ ಬಂದು ಕೂರುತ್ತಿತ್ತು.

ಪ್ರಿಂಟ್ ಪುಟವೊಂದು ಬಾಕಿ ಇದೆ. ಅದರ ಸಾಲುಗಳು ಖರೀದಿದಾರರ ಕೌಂಟರ್‌ನ ಹಳೆಯ ಪ್ರಿಂಟರ್‌ನ ಅಗಲಕ್ಕೆ ಹೊಂದಿಕೊಂಡಿವೆ, ಒಳಗೆ ‘ಡೇಟಾ2’ ಈಗಲೂ ಇದೆ. ಆ ಪ್ರಿಂಟರ್ ಎದುರಿಗಿಲ್ಲದೆ ಅದನ್ನು ಮುಟ್ಟುವುದಿಲ್ಲ ಎಂದು ಹೇಳಿದ್ದೇನೆ. ಬ್ಯಾಕ್‌ಎಂಡ್ ನೋಡಿಕೊಳ್ಳುವವರಿಗೆ ‘ಅಮ್ಟ್’ ಜತೆಗೆ ‘ರುಪೀಸ್ ಪರ್ ಕ್ವಿಂಟಲ್’ ಎಂಬ ಹೊಸ ಫೀಲ್ಡ್ ಕೊಡಿ, ಹಳೆಯದನ್ನು ತೆಗೆಯುವ ಮೊದಲು ತಿಳಿಸಿ ಎಂದು ಟಿಕೆಟ್ ಹಾಕಿದ್ದೇನೆ. ಅವರು ಒಪ್ಪಿದ್ದಾರೆ, ಸುಗ್ಗಿ ಮುಗಿದ ಮೇಲೆ ಮಾಡುತ್ತೇವೆ ಎಂದಿದ್ದಾರೆ.